ಒಂದೇ ಮೂಳೆಯ ಮೇಲಿನ ಗೆರೆಗಳು

ಕೂತಲ್ಲಿ ಕೂತಿರುವ ಅಭ್ಯಾಸ ನನಗೆ ಚಿಕ್ಕಂದಿನಿಂದಲೂ ಇರಲಿಲ್ಲ. ಅಗಳಿ ಹತ್ತಿರದ ನಮ್ಮೂರಿನಲ್ಲಿ ಸುಗ್ಗಿ ಬಂದರೆ ಹೆಂಗಸರೆಲ್ಲ ಕಡಲೆಕಾಯಿ ಗಿಡದ ರಾಶಿ ಸುತ್ತ ಕೂತು ಕಾಯಿ ಬಿಡಿಸುತ್ತಿದ್ದರು. ನಾನು ಮಾತ್ರ ಗಳಿಗೆಗೊಮ್ಮೆ ಎದ್ದು, ನೀರು ತರುತ್ತೇನೆಂದೋ ಕರು ಬಿಚ್ಚಿಕೊಂಡಿತೆಂದೋ ನೆಪ ಹೇಳಿ ಹೊರಟುಬಿಡುತ್ತಿದ್ದೆ. ಅಮ್ಮ ಬೈದು ಬೈದು ಸಾಕಾಗಿ ಬಿಟ್ಟಿದ್ದಳು.

ಮದುವೆಯಾಗಿ ಸೇರಿದ್ದು ರಾಯದುರ್ಗದ ಬಟ್ಟೆ ಅಂಗಡಿಯವರ ಮನೆ. ಮದರಾಸು ಪ್ರಾಂತ್ಯದ ಆ ದಿನಗಳಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯಲ್ಲಿತ್ತು, ನನ್ನ ತವರಿನ ಕಡೆಯ ಮಡಕಶಿರಾ ಅನಂತಪುರದಲ್ಲಿ. ಮನೆಯಲ್ಲಿ ಅತ್ತೆ, ನನ್ನ ಗಂಡ, ಅವರ ಅಣ್ಣ, ಆ ಅಣ್ಣನ ಹೆಂಡತಿ, ಅವರ ಮಕ್ಕಳು. ಮಾವ ತೀರಿಕೊಂಡ ಮೇಲೆ ಅಂಗಡಿ ನಡೆಸಿದ್ದು ಅತ್ತೆಯೇ. ಗಂಡುಮಕ್ಕಳು ದೊಡ್ಡವರಾದ ಮೇಲೂ ಹೊಸ ಮಾಲು ಬಂದಾಗ ಸೀರೆಯನ್ನು ಬಿಡಿಸಿ, ಬೆಳಕಿಗೆ ಹಿಡಿದು, ನೂಲು ನೋಡಿ ತೆಗೆದುಕೊಳ್ಳುವುದೋ ಬೇಡವೋ ಎಂದು ಹೇಳುತ್ತಿದ್ದವರು ಅವರು. ನೇಕಾರರು ಅವರ ಮುಂದೆ ಕೂರಲು ಅಂಜುತ್ತಿದ್ದರು. ನಾನೂ ಅಂಜುತ್ತಿದ್ದೆ.

ಮೊದಲ ಮಗಳು ಹುಟ್ಟಿ ಐದು ತಿಂಗಳಾಗಿತ್ತು. ಬೆನ್ನಿನಲ್ಲಿ, ಸೊಂಟಕ್ಕಿಂತ ಒಂದು ಗೇಣು ಮೇಲೆ, ನೋವು ಶುರುವಾಯಿತು. ಬಾವಿಯಿಂದ ನೀರು ಸೇದುವಾಗ, ಮಗುವನ್ನು ಎತ್ತುವಾಗ ಹಿಡಿದುಕೊಳ್ಳುತ್ತಿತ್ತು. ಅದರ ಜೊತೆಗೆ ಎರಡು ದಿನಕ್ಕೊಮ್ಮೆ ಮಧ್ಯಾಹ್ನದ ಮೇಲೆ ಜ್ವರ. ಮೈ ಇಳಿದು ಬಳೆಗಳು ಮೊಣಕೈವರೆಗೆ ಜಾರುತ್ತಿದ್ದವು. ನಮ್ಮ ಮನೆಯವರು ನನ್ನನ್ನು ರೈಲಿನಲ್ಲಿ ಬಳ್ಳಾರಿಗೆ ಕರೆದೊಯ್ದು ಒಬ್ಬ ಖಾಸಗಿ ಡಾಕ್ಟರಿಗೆ ತೋರಿಸಿದರು. ಅವರ ಹತ್ತಿರ ಎಕ್ಸ್‌ರೇ ಯಂತ್ರವಿತ್ತು. ತಣ್ಣಗಿನ ಮೇಜಿನ ಮೇಲೆ ಮಲಗಿಸಿ ಉಸಿರು ಬಿಗಿಹಿಡಿಯಲು ಹೇಳಿದರು. ಯಂತ್ರ ಗುಂಯ್ ಎಂದಿತು. ನಾನು ಬೆನ್ನು ಅಲುಗಿಸಿದ್ದರಿಂದ ಮತ್ತೊಮ್ಮೆ ತೆಗೆಯಬೇಕಾಯಿತು.

ಸಂಜೆ ಡಾಕ್ಟರು ಎಕ್ಸ್‌ರೇ ಪ್ಲೇಟನ್ನು ಕಿಟಕಿಗೆ ಹಿಡಿದು ನಮ್ಮ ಮನೆಯವರ ಜೊತೆ ಮಾತಾಡಿದರು. ನಾನು ಪಕ್ಕದ ಬೆಂಚಿನಲ್ಲೇ ಇದ್ದೆ, ಆದರೂ ನನ್ನನ್ನು ನೋಡಲಿಲ್ಲ.

"ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತಾ?"

ನನ್ನ ಚಿಕ್ಕಪ್ಪ ಅದರಲ್ಲೇ ಹೋಗಿದ್ದರು. ನಮ್ಮ ಮನೆಯವರು ಅದನ್ನು ಹೇಳಿದರು. ಡಾಕ್ಟರು ತಲೆಯಾಡಿಸಿ, ಒಂದು ಮೂಳೆ ಸವೆದು ಕಪ್ಪಾಗಿದೆ, ಇದು ಬೆನ್ನುಮೂಳೆಯ ಕ್ಷಯ ಎಂದರು. ಆಗ ಅದಕ್ಕೆ ಔಷಧವಿರಲಿಲ್ಲ. ಮೂಳೆ ಕುಸಿದರೆ ಗೂನು ಬರುತ್ತದೆ, ಕಾಲುಗಳು ಸ್ವಾಧೀನ ತಪ್ಪಿ ಬಿದ್ದುಹೋಗುತ್ತವೆ, ಹಾಗಾಗದಂತೆ ಒಂದು ವರ್ಷ ಹಲಗೆಯ ಮೇಲೆ ಅಂಗಾತ ಮಲಗಿರಬೇಕು, ದಿಂಬು ಕೂಡದು, ಏಳಕೂಡದು, ಮಗುವಿಗೆ ಹಾಲು ಬಿಡಿಸಿ ದೂರ ಇಡಬೇಕು, ತಟ್ಟೆ ಲೋಟ ಬೇರೆ ಮಾಡಬೇಕು. ಜ್ವರಕ್ಕೂ ಕ್ಷಯವೇ ಕಾರಣ ಎಂದರು.

ಮನೆಗೆ ಬಂದ ದಿನವೇ ಮಗುವನ್ನು ನನ್ನ ಓರಗಿತ್ತಿ ಎತ್ತಿಕೊಂಡಳು. ಹಿಂಭಾಗದ ಕೋಣೆಯಲ್ಲಿ ನನಗೆ ಹಲಗೆ ಹಾಕಿದರು. ಅಂಗಳದಾಚೆಯಿಂದ ಮಗು ಅಳುವುದು ಕೇಳುತ್ತಿತ್ತು. ಎದೆಯಲ್ಲಿ ಹಾಲು ಕಟ್ಟಿ ಕುಪ್ಪಸ ನೆನೆಯುತ್ತಿತ್ತು. ಮಲಗಿದಲ್ಲೇ ಕಾಲುಗಳು ತಾವಾಗಿ ಅಲ್ಲಾಡುತ್ತಿದ್ದವು, ಹೆಬ್ಬೆರಳು ಒಂದಕ್ಕೊಂದು ಉಜ್ಜಿ ಉಜ್ಜಿ ಚರ್ಮ ಕಿತ್ತುಬಂತು. ನಮ್ಮ ಮನೆಯವರು ಬೆಳಿಗ್ಗೆ ಸಂಜೆ ಬಾಗಿಲಲ್ಲಿ ನಿಂತು "ಹೆಂಗಿದ್ದಿ?" ಎಂದು ಕೇಳಿ, ಒಳಗೆ ಬರಲೋ ಬೇಡವೋ ಎಂದು ಅನುಮಾನಿಸಿ, ಹೋಗಿಬಿಡುತ್ತಿದ್ದರು. ಅವರ ಅಣ್ಣನಿಗೆ ತಮ್ಮ ಮಕ್ಕಳ ಚಿಂತೆ.

ಒಳಗೆ ಬಂದು ನನ್ನ ತಲೆ ಬಾಚುತ್ತಿದ್ದವರು ಅತ್ತೆ ಒಬ್ಬರೇ. ಎದ್ದು ಕೂರದೆ ಲಿಂಗಪೂಜೆ ಹೇಗೆ ಮಾಡಲಿ ಎಂದು ಮೊದಲ ದಿನ ನಾನು ಅತ್ತಾಗ ಅವರು ನನ್ನ ಎಡಗೈಯನ್ನು ಎದೆಯ ಮೇಲೆ ಇರಿಸಿ, ಅಂಗೈ ಬಿಡಿಸಿ, ಲಿಂಗವನ್ನು ಅದರಲ್ಲಿಟ್ಟರು. "ಮಲಗೇ ಮಾಡು. ಶಿವಗ ನೀ ಕುಂತೀಯೋ ಮಲಗೀಯೋ ಏನ್ ಕೆಲಸ" ಎಂದರು. ಜ್ವರ ಬಂದ ದಿನ ಅವರು ನನ್ನ ಹಣೆ ಮುಟ್ಟಿ ನೋಡಿ, ಇದು ಚಳಿಜ್ವರದ ಹಂಗ ಐತಿ ಅಂತ ಗೊಣಗಿ, ಚಳಿಜ್ವರಕ್ಕೆಂದು ಆಗ ಅಂಚೆ ಕಚೇರಿಯಲ್ಲೇ ಮಾರುತ್ತಿದ್ದ ಕ್ವಿನೈನ್ ತರಿಸಿ ಕುಡಿಸಿದರು. ಎರಡು ವಾರದಲ್ಲಿ ಜ್ವರ ನಿಂತಿತು. ಬೆನ್ನಿನ ನೋವೂ ಕಡಿಮೆಯಾಯಿತು. ಮಲಗಿರುವುದರಿಂದ ಗುಣ ಕಾಣುತ್ತಿದೆ, ಹೀಗೇ ಇರಲಿ ಎಂದು ಬಳ್ಳಾರಿ ಡಾಕ್ಟರು ಹೇಳಿ ಕಳಿಸಿದರು.

ಎರಡು ತಿಂಗಳಾದ ಮೇಲೆ, ಮಕ್ಕಳಿರುವ ಮನೆಯಲ್ಲಿ ಇದು ಸರಿಯಲ್ಲ ಎಂದು ಭಾವನವರು ಪಟ್ಟು ಹಿಡಿದರು. ನನ್ನ ಅಣ್ಣ ಕಡಲೆಕಾಯಿ ಮೂಟೆ ಸಾಗಿಸುವ ಲಾರಿಯೊಂದನ್ನು ಮಾತಾಡಿಕೊಂಡು ಬಂದ. ಲಾರಿಯಲ್ಲಿ ಹುಲ್ಲು ಹಾಸಿ, ಹಲಗೆಯ ಸಮೇತ ನನ್ನನ್ನು ಎತ್ತಿ ಇಟ್ಟರು. ಹೊರಡುವಾಗ ಓರಗಿತ್ತಿ ಮಗುವನ್ನು ದೂರದಿಂದಲೇ ಎತ್ತಿ ತೋರಿಸಿದಳು. ಮಗು ಲಾರಿಯ ಚಕ್ರವನ್ನು ನೋಡುತ್ತಿತ್ತು, ನನ್ನನ್ನು ನೋಡಲಿಲ್ಲ.

ತವರಿನಲ್ಲಿ ನನ್ನ ಹಲಗೆಯನ್ನು ಪಡಸಾಲೆಯ ಕಿಟಕಿಯ ಹತ್ತಿರ ಹಾಕಿದರು. ಗಾಳಿ ಬೆಳಕು ಚೆನ್ನಾಗಿತ್ತು. ಆದರೆ ಅಮ್ಮ ಬಂದವರಿಗೆಲ್ಲ ಕಣ್ಣೀರು ಹಾಕುತ್ತ ನನ್ನ ಕತೆ ಹೇಳುತ್ತಿದ್ದಳು. ನಾನು ಅಲ್ಲಿಲ್ಲವೇನೋ ಎಂಬಂತೆ ನೆರೆಯವರು, ಸೇರಿದ ಮನೆಯಲ್ಲಿ ಮತ್ತೆ ಕರೆದುಕೊಳ್ಳುತ್ತಾರಾ, ಗಂಡ ಇನ್ನೊಂದು ಮದುವೆಯಾಗುತ್ತಾನಾ ಎಂದು ಕೇಳುತ್ತಿದ್ದರು. ನಾನು ಜಂತೆಗಳನ್ನು ನೋಡುತ್ತ ಮಲಗಿರುತ್ತಿದ್ದೆ. ಜಂತೆಯ ಮೇಲೆ ಇರುವೆಗಳು ಹೋಗುವುದನ್ನು ಕಂಡರೂ ಹೊಟ್ಟೆಕಿಚ್ಚಾಗುತ್ತಿತ್ತು.

ಒಂದು ಮಧ್ಯಾಹ್ನ ಮನೆಯವರೆಲ್ಲ ಕಡಲೆಕಾಯಿ ಕೀಳಲು ಹೊಲಕ್ಕೆ ಹೋಗಿದ್ದರು. ಮನೆಯಲ್ಲಿ ನಾನೊಬ್ಬಳೇ. ಎಷ್ಟು ಹೊತ್ತು ನನ್ನೊಳಗೇ ವಾದ ಮಾಡಿದೆನೋ ಗೊತ್ತಿಲ್ಲ. ಕಡೆಗೆ ಪಕ್ಕಕ್ಕೆ ಹೊರಳಿ ಮೊಣಕೈ ಊರಿ ಎದ್ದು ಕೂತೆ. ಮನೆ ಗಿರ್ರನೆ ತಿರುಗಿತು. ಮೂಳೆ ಲಟಕ್ಕೆಂದು ಕುಸಿಯುತ್ತದೆಂದು ಕಣ್ಣು ಮುಚ್ಚಿಕೊಂಡು ಕಾದೆ. ಏನೂ ಆಗಲಿಲ್ಲ. ಗೋಡೆ ಹಿಡಿದು ಬಾಗಿಲವರೆಗೆ ನಡೆದೆ. ಕೋಲಿನ ಹಾಗೆ ಬಡಕಲಾದ ನನ್ನ ಕಾಲುಗಳು ನಡುಗುತ್ತಿದ್ದವು, ಆದರೆ ಬೆನ್ನು ನೋಯಲಿಲ್ಲ. ಬಿಸಿಲಿನಲ್ಲಿ ರಾಗಿ ಹೊಲ ಕಾಣಿಸಿತು. ಹೊಸ್ತಿಲ ಮೇಲೆ ನಿಂತು ಹೊಟ್ಟೆ ತುಂಬ ಗಾಳಿ ಕುಡಿದವಳಂತೆ ಉಸಿರಾಡಿ, ಯಾರಾದರೂ ಬಂದಾರೆಂಬ ಭಯಕ್ಕೆ ವಾಪಸ್ಸು ಬಂದು ಮಲಗಿದೆ. ಆಮೇಲೆ ಮೂರು ದಿನ ಭಯ. ಕಾಲಿಗೆ ಜೋಮು ಹಿಡಿದರೂ ಸಾಕು, ನಾನೇ ನನ್ನ ಕಾಲು ಕಳಕೊಂಡೆನೆಂದು ಬೆವರುತ್ತಿದ್ದೆ. ಆದರೂ ನಾಲ್ಕನೆಯ ದಿನ ಮತ್ತೆ ಎದ್ದೆ. ಯಾರಿಗೂ ಹೇಳಲಿಲ್ಲ.

ತವರಿಗೆ ಬಂದು ಐದು ತಿಂಗಳಾದ ಮೇಲೆ ಒಂದು ಬೆಳಿಗ್ಗೆ ಮಡಕಶಿರಾದಿಂದ ಗಾಡಿ ಮಾಡಿಕೊಂಡು ಅತ್ತೆ ಬಂದಿಳಿದರು, ಜೊತೆಗೆ ನಮ್ಮ ಮನೆಯವರು. ಅತ್ತೆಯ ಕೈಯಲ್ಲಿ ಬಳ್ಳಾರಿ ಡಾಕ್ಟರು ಪ್ಲೇಟನ್ನು ಹಾಕಿಕೊಟ್ಟಿದ್ದ ಕಂದು ಲಕೋಟೆಯಿತ್ತು. ಕಾಲು ತೊಳೆದವರೇ ನನ್ನ ಹತ್ತಿರ ಕೂತು ಪ್ಲೇಟನ್ನು ತೆಗೆದು ಕಿಟಕಿಗೆ ಹಿಡಿದರು.

"ನಿನ್ನ ಬೆನ್ನು ನೀ ನೋಡೀಯೇನು?"

ನೋಡಿರಲಿಲ್ಲ. ಅಷ್ಟು ತಿಂಗಳು ಅದಕ್ಕಾಗಿ ಮಲಗಿದ್ದೆ, ಅದು ಹೇಗಿದೆಯೆಂದು ಯಾರೂ ತೋರಿಸಿರಲಿಲ್ಲ. ಕಪ್ಪಿನ ನಡುವೆ ಬೂದು ಬಣ್ಣದ ಮೂಳೆಗಳು ಒಂದರ ಮೇಲೊಂದು ಚೌಕ ಚೌಕವಾಗಿ ನಿಂತಿದ್ದವು.

"ಇದನ್ನ ನೋಡು" ಎಂದು ಅತ್ತೆ ಒಂದರ ಮೇಲೆ ಬೆರಳಿಟ್ಟರು. "ಮ್ಯಾಲಿನವು, ಕೆಳಗಿನವು ಎಲ್ಲಾ ಒತ್ತಾಗಿ ನೇದಂಗ ಅದಾವ. ಇದು ಒಂದರಾಗ ಉದ್ದುದ್ದ ಗೆರಿ. ಉದ್ದದ ಹಾಸು ಐತಿ, ಅಡ್ಡದ ಹೊಕ್ಕು ಹೋಗೈತಿ."

ನಿಜವೇ. ಆ ಒಂದು ಮೂಳೆ ಉಳಿದವಕ್ಕಿಂತ ಕಪ್ಪಾಗಿತ್ತು, ಅದರೊಳಗೆ ಮೇಲಿಂದ ಕೆಳಕ್ಕೆ ಬಿಳಿ ಗೆರೆಗಳು ನೆಟ್ಟಗೆ ಇಳಿದಿದ್ದವು. ಅಡ್ಡ ಎಳೆಗಳು ಕಾಣುತ್ತಿರಲಿಲ್ಲ.

"ಬಳ್ಳಾರಿ ಡಾಕ್ಟರ್‌ನ ಕೇಳಿದೆ, ಈ ಗೆರಿ ಯಾಕ್ರಿ ಅಂತ. ನೀನು ಅಲುಗಾಡೀಯಂತ, ಪ್ಲೇಟಿನ ದೋಷ ಅಂತ. ಮಗ್ಗದ ದೋಷ ಆದ್ರ ಇಡೀ ಸೀರಿಗೆ ಬರತೈತ್ರಿ, ಒಂದು ಚೌಕಕ್ಕ ಬರಂಗಿಲ್ಲ ಅಂದೆ."

ನಮ್ಮ ಮನೆಯವರು ಮೆಲ್ಲಗೆ ಹೇಳಿದರು. "ಮದರಾಸಿನ್ಯಾಗ ಬರೇ ಈ ಫೋಟೋ ನೋಡೋ ಡಾಕ್ಟರ್ ಒಬ್ಬರು ಅದಾರಂತ. ನೂಲಿನ ಏಜೆಂಟರು ಹೇಳಿದ್ರು. ಅವ್ವ ಅಲ್ಲಿಗೆ ಒಯ್ಯೋಣ ಅಂತಾಳ."

ಅಣ್ಣ ಒಪ್ಪಲಿಲ್ಲ. "ಏನಮ್ಮಾ ನೀವು ಹೇಳೋದು. ದಾರೀಲಿ ಬೆನ್ನು ಮುರಿದು ಕಾಲು ಬಿದ್ದೋದ್ರೆ ಯಾರು ಜವಾಬು? ಇನ್ನೈದು ತಿಂಗ್ಳು ಐತೆ. ಮನಗಿದ್ರೆ ವಾಸಿ ಆಯ್ತದೆ ಅಂದವ್ರಲ್ಲ ಡಾಕ್ಟ್ರು."

"ವಾಸಿ ಆದ್ರ ಸಂತೋಷನಪ್ಪ. ಇಲ್ಲದ ರೋಗಕ್ಕ ಮಲಗಿದ್ರ?"

ಇಬ್ಬರ ದನಿಯೂ ಏರುತ್ತಿತ್ತು. ನನಗೆ ತಡೆಯಲಾಗಲಿಲ್ಲ. "ನಾನು ಎದ್ದಿದ್ದೀನಿ" ಎಂದೆ.

ಎಲ್ಲರೂ ತಿರುಗಿ ನೋಡಿದರು.

"ಕಾಯಿ ಕೀಳೋ ಕಾಲದಿಂದ. ಮನೇಲಿ ಯಾರೂ ಇಲ್ದಾಗ ಎದ್ದು ಬಾಗಿಲ ತಂಕ ನಡೀತೀನಿ. ಏನೂ ಆಗಿಲ್ಲ."

ಅಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ಅಳತೊಡಗಿದಳು. ಅಣ್ಣ ಎದ್ದು ಹೊರಗೆ ಹೋದ. ಅತ್ತೆ ಪ್ಲೇಟನ್ನು ಲಕೋಟೆಗೆ ಹಾಕಿ, "ಹಂಗಾದ್ರ ಹೋಗೋಣ. ಆದ್ರೂ ಹಲಗಿ ಮ್ಯಾಲೇ ಬಾ. ಗೊತ್ತಾಗೋ ತನಕ ಧೈರ್ಯ ಬ್ಯಾಡ" ಎಂದರು.

ಹಿಂದೂಪುರಕ್ಕೆ ಗಾಡಿ, ಅಲ್ಲಿಂದ ರೈಲು, ಬೆಂಗಳೂರಿನಲ್ಲಿ ಇನ್ನೊಂದು ರೈಲು. ಹಲಗೆಯನ್ನು ಎರಡು ಸೀಟುಗಳ ನಡುವೆ ನೆಲದ ಮೇಲೆ ಇಟ್ಟರು. ರೈಲು ಕುಲುಕಿದಾಗೆಲ್ಲ ಹಲಗೆ ಜಾರದಿರಲೆಂದು ನಮ್ಮ ಮನೆಯವರು ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು ಎರಡೂ ಕೈಗಳಿಂದ ಹಿಡಿದುಕೊಂಡಿದ್ದರು. ಬಾಗಿಲಲ್ಲಿ ನಿಂತು ಹೋಗಿಬಿಡುತ್ತಿದ್ದ ಅವರು ಅಷ್ಟು ಹತ್ತಿರ ಬಂದದ್ದು ಏಳು ತಿಂಗಳ ಮೇಲೆ. ನಾನು ಅವರ ಕೈ ನೋಡುತ್ತ, ಅಲ್ಲೂ ಇದೇ ಮಾತು ಹೇಳಿಬಿಟ್ಟರೆ ಏನು ಮಾಡುವುದೆಂದು ಯೋಚಿಸುತ್ತಿದ್ದೆ. ವಾಪಸ್ಸು ಇದೇ ಹಲಗೆಯ ಮೇಲೆ ಬರಬೇಕು. ಅದಕ್ಕಿಂತ ರೈಲಿನಿಂದ ಹಾರಿಕೊಳ್ಳುವುದು ಮೇಲು ಎಂದೂ ಅನಿಸಿತು. ಆ ಯೋಚನೆ ಬಂದಕೂಡಲೇ ಹೆದರಿ ಅವರ ಮುಂಗೈ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಮದರಾಸಿನ ಡಾಕ್ಟರು ಬಡಕಲು ದೇಹದ ವಯಸ್ಸಾದವರು. ನಮ್ಮ ಕಡೆಯ ತೆಲುಗಲ್ಲ, ಕರಾವಳಿಯ ತೆಲುಗು ಮಾತಾಡುತ್ತಿದ್ದರು. ಅವರು ಮೊದಲು ಪ್ಲೇಟು ನೋಡಲಿಲ್ಲ. ನನ್ನ ಮಂಡಿಗೆ ಸಣ್ಣ ಸುತ್ತಿಗೆಯಿಂದ ತಟ್ಟಿದರು, ಅಂಗಾಲಿಗೆ ಗೀರಿದರು, ಕಣ್ಣು ಮುಚ್ಚಿಸಿ ಕಾಲಿಗೆ ಸೂಜಿ ಚುಚ್ಚಿ ಎಲ್ಲಿ ಎಂದು ಕೇಳಿದರು, ಬೆನ್ನಿನ ಒಂದೊಂದು ಮೂಳೆಯನ್ನೂ ಒತ್ತಿದರು. ಆಮೇಲೆ ಒಳಗೆ ದೀಪವಿದ್ದ ಗಾಜಿನ ಪೆಟ್ಟಿಗೆಯ ಮೇಲೆ ಪ್ಲೇಟನ್ನು ಇಟ್ಟು ಬಹಳ ಹೊತ್ತು ನೋಡಿದರು. ಇನ್ನೊಂದು ಪ್ಲೇಟು ಬೇಕು ಎಂದರು. ಈ ಸಲ ಪಕ್ಕಕ್ಕೆ ಮಲಗಿಸಿ ತೆಗೆದರು. ನಾನು ಉಸಿರನ್ನೂ ಬಿಡದೆ ಕಲ್ಲಿನ ಹಾಗೆ ಮಲಗಿದ್ದೆ.

ಅದು ತೊಳೆದು ಒಣಗುವ ತನಕ ಕಾರಿಡಾರಿನಲ್ಲಿ ಕಾದೆವು. ನಮ್ಮ ಮನೆಯವರು ಗೋಡೆಯ ಈ ತುದಿಯಿಂದ ಆ ತುದಿಗೆ ಓಡಾಡಿದರು. ನಾನು ಮಲಗಿದಲ್ಲಿಂದ ಅವರ ಚಪ್ಪಲಿಗಳನ್ನಷ್ಟೇ ನೋಡುತ್ತಿದ್ದೆ.

ಕರೆ ಬಂದಾಗ ಎರಡು ಪ್ಲೇಟುಗಳೂ ಪಕ್ಕಪಕ್ಕದಲ್ಲಿದ್ದವು. ಡಾಕ್ಟರು ಈ ಸಲ ನನಗೇ ಹೇಳಿದರು.

"ಕ್ಷಯ ಒಂದೇ ಮೂಳೆಯಲ್ಲಿ ಹೀಗೆ ಕೂರುವುದು ಅಪರೂಪ ಅಮ್ಮಾ. ಸಾಮಾನ್ಯವಾಗಿ ಅದು ಎರಡು ಮೂಳೆ ಸೇರುವ ಕಡೆ ಹಿಡಿಯುತ್ತದೆ. ನಡುವಿನ ಮೆತ್ತೆಯನ್ನು ತಿಂದು, ಆಚೀಚೆಯ ಅಂಚುಗಳನ್ನು ಕೊರೆಯುತ್ತದೆ. ನೋಡು, ನಿನ್ನ ಮೇಲಿನ ಮೆತ್ತೆಯ ಜಾಗ ಪೂರ್ತಿ ಇದೆ, ಕೆಳಗಿನದೂ ಇದೆ. ಮೂಳೆ ಒಂದಿಷ್ಟೂ ಕುಗ್ಗಿಲ್ಲ. ಪಕ್ಕದಲ್ಲಿ ಕೀವಿನ ನೆರಳೂ ಇಲ್ಲ."

"ಮರಿ ಆ ಗೀತಲು?" ಎಂದು ಅತ್ತೆ ತೆಲುಗಿನಲ್ಲೇ ಕೇಳಿದರು, ಹಾಗಾದರೆ ಆ ಗೆರೆಗಳು ಎಂದು. ಬಳ್ಳಾರಿಯಲ್ಲಿ ತಾವು ಹೇಳಿದ ಮಗ್ಗದ ಮಾತನ್ನೂ ಹೇಳಿದರು.

ಡಾಕ್ಟರು ಕನ್ನಡಕ ತೆಗೆದು ಅವರನ್ನು ನೋಡಿದರು. "ಗೆರೆಗಳೇ ಉತ್ತರ. ಮೂಳೆಯ ಒಳಗೆ ರಕ್ತನಾಳಗಳು ಗಂಟು ಕಟ್ಟಿಕೊಂಡಿವೆ. ಅವು ಬೆಳೆದ ಕಡೆ ಸಣ್ಣ ಎಳೆಗಳು ಕರಗಿಹೋಗಿವೆ. ಭಾರ ಹೊರಬೇಕಲ್ಲ, ಅದಕ್ಕೆ ಉಳಿದ ನೆಟ್ಟನೆಯ ಎಳೆಗಳು ದಪ್ಪವಾಗಿವೆ. ಗಂಟು ಅಂದರೆ ಹೆದರಬೇಡಿ. ಇದು ಹರಡುವ ಜಾತಿಯಲ್ಲ, ಕೊಲ್ಲುವ ಜಾತಿಯಲ್ಲ. ಎಷ್ಟೋ ಜನ ಇದನ್ನು ಇಟ್ಟುಕೊಂಡೇ ಮುದುಕರಾಗುತ್ತಾರೆ, ಅವರಿಗೆ ಗೊತ್ತೇ ಇರುವುದಿಲ್ಲ."

"ಕೊಯ್ದು ತೆಗೀಬೇಕೇನ್ರಿ?" ನಮ್ಮ ಮನೆಯವರು ಗಾಬರಿಯಲ್ಲಿ ಕನ್ನಡದಲ್ಲೇ ಕೇಳಿದರು. ಅತ್ತೆ ತೆಲುಗಿಗೆ ತಿರುಗಿಸಿದರು.

"ಮುಟ್ಟಲೇಬಾರದು. ಮುಟ್ಟಿದರೆ ರಕ್ತ ನಿಲ್ಲಿಸುವುದು ಕಷ್ಟ. ಹಾಗೇ ಬಿಡಿ."

"ಮತ್ತೆ ನೋವು?" ಎಂದೆ ನಾನು.

"ಹೆರಿಗೆಯಾಗಿ ಬೆನ್ನಿನ ಸ್ನಾಯು ಸೋತಿತ್ತು, ಚಳಿಜ್ವರ ಬೇರೆ. ನೋವು ಇದರಿಂದ ಬಂದದ್ದಲ್ಲ ಎಂದು ನನಗೆ ಅನಿಸುತ್ತದೆ, ಆಣೆ ಮಾಡಿ ಹೇಳಲಾರೆ. ಒಂದು ಮಾತು ನೆನಪಿಟ್ಟುಕೊ. ಯಾವತ್ತಾದರೂ ಕಾಲು ಭಾರವಾದರೆ, ಮರಗಟ್ಟಿದರೆ, ಆವತ್ತೇ ಬರಬೇಕು." ಆಮೇಲೆ ತಾವೇ ಕೈ ಚಾಚಿದರು. "ಈಗ ಎದ್ದು ಕೂತುಕೊ."

ಕಳ್ಳತನದಲ್ಲಿ ಅಷ್ಟು ಸಲ ಎದ್ದವಳಿಗೆ, ಎಲ್ಲರ ಎದುರಿಗೆ ಏಳು ಎಂದಾಗ ಏಳಲಾಗಲಿಲ್ಲ. ಅತ್ತೆ ಬೆನ್ನಿಗೆ ಕೈ ಕೊಟ್ಟು ಎಬ್ಬಿಸಿದರು. ನನಗೆ ಸಂತೋಷವಾಗಬೇಕಿತ್ತು. ಆದರೆ ಆ ಗಳಿಗೆ ನನ್ನ ತಲೆಯಲ್ಲಿದ್ದದ್ದು ಒಂದೇ: ಏಳು ತಿಂಗಳು. ಮಗಳಿಗೆ ಆಗ ವರ್ಷ ತುಂಬಿತ್ತು.

ರಾಯದುರ್ಗದ ಮನೆಯ ಅಂಗಳದಲ್ಲಿ ಮಗಳು ನಡೆದಾಡುತ್ತಿದ್ದಳು. ನನ್ನನ್ನು ಕಂಡು ಓರಗಿತ್ತಿಯ ಸೀರೆಯ ಹಿಂದೆ ಅಡಗಿ "ಅವ್ವಾ" ಎಂದು ಅವಳನ್ನೇ ಕರೆದಳು. ಓರಗಿತ್ತಿಯ ಮುಖ ಸಣ್ಣದಾಯಿತು. "ನಾ ಕಲಿಸಿದ್ದಲ್ಲ ತಂಗಿ, ನಮ್ಮ ಮಕ್ಕಳು ಕರೆಯೋದು ಕೇಳಿ ಕರೀತಾಳ" ಎಂದಳು. ಅವಳ ಮೇಲೆ ಸಿಟ್ಟು ಮಾಡುವ ಹಾಗೂ ಇರಲಿಲ್ಲ. ನನ್ನ ಮಗುವನ್ನು ಸಾಕಿ ದುಂಡಗೆ ಮಾಡಿದ್ದಳು. ಮಗಳು ನನ್ನ ತೊಡೆಯ ಮೇಲೆ ಬಂದು ಕೂರಲು ಎರಡು ತಿಂಗಳು ಬೇಕಾಯಿತು. ಅಲ್ಲಿಯವರೆಗೆ ನಾನು ಮನೆಯಲ್ಲಿ ಒಂದು ಕಡೆ ನಿಲ್ಲುತ್ತಿರಲಿಲ್ಲ. ಗುಡಿಸಿದ್ದನ್ನೇ ಗುಡಿಸುತ್ತಿದ್ದೆ. ಬೆಳಿಗ್ಗೆ ಏಳುವ ಮುಂಚೆ ಎರಡೂ ತೊಡೆಗಳನ್ನು ಚಿವುಟಿ ನೋವಾಗುತ್ತದೆಯೇ ಎಂದು ನೋಡುತ್ತಿದ್ದೆ. ನೀಲಿಗಟ್ಟಿದ ಕಲೆಗಳನ್ನು ನಮ್ಮ ಮನೆಯವರು ಒಮ್ಮೆ ಕಂಡು ಏನೆಂದು ಕೇಳಿದರು. ಸೊಳ್ಳೆ ಎಂದೆ.

ಬಳ್ಳಾರಿ ಡಾಕ್ಟರ ಹತ್ತಿರ ಹೋಗಲೇಬೇಕೆಂದು ಅತ್ತೆ ಹಟ ಹಿಡಿದರು. ಜಗಳಕ್ಕೆ ಹೋಗುತ್ತಾರೆಂದುಕೊಂಡು ನಾನು ಅಂಜುತ್ತ ಹಿಂದೆ ಹೋದೆ. ಅತ್ತೆ ಎರಡೂ ಪ್ಲೇಟುಗಳನ್ನು ಮೇಜಿನ ಮೇಲೆ ಇಟ್ಟು, ಮದರಾಸಿನವರು ಬರೆದುಕೊಟ್ಟ ಕಾಗದ ಇಟ್ಟು, "ಓದಿ ನೋಡ್ರಿ" ಎಂದಷ್ಟೇ ಹೇಳಿ ಕೂತರು. ಡಾಕ್ಟರು ಓದಿದರು. ಪ್ಲೇಟನ್ನು ಕಿಟಕಿಗೆ ಹಿಡಿದರು. ಪಕ್ಕದಿಂದ ತೆಗೆದ ಪ್ಲೇಟನ್ನೂ ಹಿಡಿದರು.

"ನೀವು ಗೆರೆ ತೋರಿಸಿದ್ರಿ" ಎಂದರು ಅತ್ತೆಗೆ. "ನಾನು ಕ್ಷಯ ಅಂತ ಮನಸ್ಸಿನಲ್ಲಿ ಇಟ್ಟುಕೊಂಡೇ ನೋಡಿದೆ. ಪಕ್ಕದಿಂದ ಒಂದು ತೆಗೀಬೇಕಿತ್ತು. ತೆಗೀಲಿಲ್ಲ." ಆಮೇಲೆ ಮೊದಲ ಸಲ ನನ್ನ ಕಡೆ ತಿರುಗಿದರು. "ತಪ್ಪಾಯಿತಮ್ಮ."

ಇರಲಿ ಬಿಡಿ ಎನ್ನುವುದು ವಾಡಿಕೆ. ನನ್ನ ಬಾಯಿಂದ ಅದು ಬರಲಿಲ್ಲ. ಈ ಪ್ಲೇಟು ತಮಗೆ ಕೊಡುತ್ತೀರಾ, ಮುಂದೆ ಇಂಥದ್ದು ಬಂದರೆ ಪಕ್ಕದಲ್ಲಿಟ್ಟು ನೋಡಲಿಕ್ಕಾಗುತ್ತದೆ ಎಂದು ಅವರು ಕೇಳಿದರು. ಅತ್ತೆ ನನ್ನನ್ನು ನೋಡಿದರು. ನಾನು ಹೂಂ ಎಂದೆ. ಆ ಕಪ್ಪು ಹಾಳೆ ಮನೆಯಲ್ಲಿರುವುದು ನನಗೂ ಬೇಕಿರಲಿಲ್ಲ.

ಮೂರು ವರ್ಷದ ಮೇಲೆ ಮತ್ತೆ ಬಸುರಿಯಾದೆ. ಎಂಟು ತುಂಬುವ ಹೊತ್ತಿಗೆ ಕಾಲು ಭಾರವಾದವು. ಮದರಾಸಿನ ಡಾಕ್ಟರ ಮಾತು ಕಿವಿಯಲ್ಲಿತ್ತು, ಆವತ್ತೇ ಬರಬೇಕು ಎಂದಿದ್ದರು. ಆದರೂ ಎರಡು ದಿನ ಯಾರಿಗೂ ಹೇಳಲಿಲ್ಲ. ಹೇಳಿದರೆ ಮತ್ತೆ ಹಲಗೆ ಹಾಕುತ್ತಾರೆ, ಮತ್ತೆ ಮಗುವನ್ನು ಇನ್ನೊಬ್ಬರ ಕೈಗೆ ಕೊಡುತ್ತಾರೆ ಎಂಬುದೊಂದೇ ಭಯ. ಮೂರನೆಯ ದಿನ ಅತ್ತೆಯೇ ನನ್ನನ್ನು ಅಂಗಳಕ್ಕೆ ಕರೆದರು.

"ನಡಿ ನೋಡೋಣ. ಗ್ವಾಡಿ ಹಿಡೀಬ್ಯಾಡ."

ನಾನು ಆ ಕಡೆಯಿಂದ ಈ ಕಡೆಗೆ ನಡೆದೆ. ಅವರು ಜಗಲಿಯ ಮೇಲೆ ಕೂತು ನನ್ನ ಪಾದಗಳನ್ನೇ ನೋಡಿದರು. ಇನ್ನೊಮ್ಮೆ ನಡೆಸಿದರು. ಬೆರಳ ತುದಿಯಲ್ಲಿ ನಡೆಸಿದರು, ಹಿಮ್ಮಡಿಯಲ್ಲಿ ನಡೆಸಿದರು. ಹತ್ತಿರ ಕರೆದು ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದರು. ಒತ್ತಿದ ಕಡೆ ಗುಳಿ ಬಿತ್ತು.

"ಇದು ನೀರು. ಬಸುರಿ ಕಾಲಿಗೆ ಬರೋ ಬಾವು. ಆದ್ರೂ ನಾಳಿ ಬಳ್ಳಾರಿಗೆ ಹೋಗೋಣ, ಆತ ಸುತ್ತಿಗಿ ಬಡಿದು ನೋಡ್ಲಿ" ಎಂದರು. "ಯಾಕ ಹೇಳಲಿಲ್ಲ ನನಗ?"

"ಮಲಗಿಸ್ತೀರಿ ಅಂತ."

ಅವರು ನನ್ನನ್ನು ಜಗಲಿಯ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡರು. "ನಾ ಅವತ್ತು ಐದು ತಿಂಗಳು ಮೊದಲೇ ಆ ಫೋಟೋ ತಗದು ನೋಡಬೇಕಿತ್ತವಾ" ಎಂದರು.

ಬಳ್ಳಾರಿ ಡಾಕ್ಟರು ಮಂಡಿಗೆ ತಟ್ಟಿ, ಅಂಗಾಲಿಗೆ ಗೀರಿ, ಸೂಜಿ ಚುಚ್ಚಿ, ಎಲ್ಲವನ್ನೂ ಎರಡೆರಡು ಸಲ ನೋಡಿ ನರಕ್ಕೆ ಏನೂ ಆಗಿಲ್ಲ ಎಂದರು. ಮುಂದಿನ ತಿಂಗಳು ಹೆರಿಗೆ ಮನೆಯಲ್ಲೇ ಆಯಿತು, ಇನ್ನೊಂದು ಹೆಣ್ಣು. ಸೂಲಗಿತ್ತಿ ಮಗುವನ್ನು ಒರೆಸುತ್ತಿದ್ದಳು. ಅತ್ತೆ ಬಾಗಿಲು ಸರಿಸಿ ಒಳಗೆ ಬಂದರು. ಮಗುವನ್ನು ನೋಡುವ ಮುಂಚೆ ನನ್ನ ಹೊದಿಕೆಯ ತುದಿ ಎತ್ತಿ, "ಕಾಲು?" ಎಂದು ಕೇಳಿದರು.

ನಾನು ಹತ್ತೂ ಬೆರಳು ಆಡಿಸಿ ತೋರಿಸಿದೆ. ಅವರು ಹೊದಿಕೆ ಇಳಿಸಿ, ಮಗುವನ್ನು ಸೂಲಗಿತ್ತಿಯ ಕೈಯಿಂದ ತೆಗೆದುಕೊಂಡು, ತಂದು ನನ್ನ ಎದೆಯ ಮೇಲೆ ಹಾಕಿದರು.